ಹಾಗಾಗದೆ ಹೀಗಾಗಿದ್ದರೆ?
ಪರ್ಯಾಯ ಇತಿಹಾಸದ ಕಾದಂಬರಿಗಳೂ ಅವುಗಳ ವಾಚಕರೂ

‘ಅತ್ತೆಗೆ ಮೀಸೆ ಬಂದರೆ ಮಾವ ಎನ್ನಬಹುದಿತ್ತು’ ಎಂಬ ಗಾದೆಯನ್ನು ಕೇಳದವರಾರು? ನಡೆಯದ ಸಂಗತಿಯನ್ನು ನಡೆದಿದ್ದರೆ ಎಂದು ಕಲ್ಪಿಸಿಕೊಂಡು ಕಾಲಹರಣ ಮಾಡುವವರ ಬಾಯಿ ಮುಚ್ಚಿಸಲು ನಮ್ಮ ಹಿರಿಯರು ಇಟ್ಟುಕೊಂಡಿದ್ದ ಮಾತು ಇದು. ಆದರೂ ಮನುಷ್ಯನು ಈ ‘ರೆ’ ಪ್ರತ್ಯಯವನ್ನು ಬಿಟ್ಟು ಬದುಕಲಾರ. ಮಳೆ ಎಂಟು ದಿನ ಮೊದಲು ಬಂದಿದ್ದರೆ, ಹೊಗೆಸೊಪ್ಪಿನ ಬದಲು ರಾಗಿ ಬಿತ್ತಿದ್ದರೆ, ಪರೀಕ್ಷೆಯಲ್ಲಿ ಇನ್ನೂ ಐದು ಅಂಕ ಬಂದಿದ್ದರೆ ಎಂದು ನಾವೆಲ್ಲರೂ ದಿನಕ್ಕೊಮ್ಮೆಯಾದರೂ ಅಂದುಕೊಳ್ಳುತ್ತೇವೆ. ಇದೇ ಮಾತನ್ನು ಒಬ್ಬ ಮನುಷ್ಯನ ಬಾಳಿಗೆ ಬದಲಾಗಿ ಒಂದು ದೇಶದ, ಒಂದು ಯುಗದ ಬಾಳಿಗೆ ಅನ್ವಯಿಸಿ ಬರೆದ ಕಥೆಯೇ ಪರ್ಯಾಯ ಇತಿಹಾಸದ ಕಾದಂಬರಿ.

ಮೈಸೂರು ಜಿಲ್ಲೆಯ ಪಶ್ಚಿಮದ ನಾಲ್ಕು ತಾಲ್ಲೂಕುಗಳಾದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳ ಕೆಲವರು ವಿದ್ಯಾರ್ಥಿಗಳೊಡನೆ ಈ ಬಗೆಯ ಕಥೆಗಳ ವಿಚಾರವಾಗಿ ಮಾತನಾಡುವ ಸಂದರ್ಭ ನಮಗೊದಗಿತು. ಅವರಲ್ಲಿ ಒಮ್ಮತವಿರಲಿಲ್ಲ. ಇವು ಬರಿಯ ಹಗಲುಗನಸುಗಳೆಂದು ಕೆಲವರು ತಳ್ಳಿಹಾಕಿದರು. ಇತಿಹಾಸದ ಪಠ್ಯಪುಸ್ತಕವು ಕಲಿಸದ ಒಂದು ಪಾಠವನ್ನು ಇವು ಕಲಿಸುತ್ತವೆಯೆಂದು ಬೇರೆ ಕೆಲವರು ವಾದಿಸಿದರು. ಮೂರನೆಯ ಒಂದು ಅಭಿಪ್ರಾಯವೂ ಬಂದಿತು. ಅದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇವೆ. ಈ ಅಭಿಪ್ರಾಯಗಳನ್ನು ವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡುವುದೇ ನಮ್ಮ ಉದ್ದೇಶ.

ಹಳೆಯ ಹವ್ಯಾಸ

ಈ ಪ್ರಕಾರವು ಇಂದುನಿನ್ನೆಯದಲ್ಲ. ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಇತಿಹಾಸಕಾರ ಲಿವಿಯು, ಅಲೆಕ್ಸಾಂಡರನು ಪೂರ್ವಕ್ಕೆ ಬರುವ ಬದಲು ಪಶ್ಚಿಮಕ್ಕೆ ತಿರುಗಿ ರೋಮಿನ ಮೇಲೆ ದಂಡೆತ್ತಿದ್ದರೆ ಏನಾಗುತ್ತಿತ್ತೆಂದು ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ. ರೋಮನ್ನನಾದುದರಿಂದ ರೋಮೇ ಗೆಲ್ಲುತ್ತಿತ್ತೆಂದು ತೀರ್ಪಿತ್ತನು! 1836ರಲ್ಲಿ ಫ್ರಾನ್ಸಿನ ಲೂಯಿ ಜೆಫ್ರಾಯ್ ಎಂಬವನು ನೆಪೋಲಿಯನ್ನನು ಸೋಲದೆ ಇಡೀ ಜಗತ್ತನ್ನೇ ಗೆದ್ದನೆಂದು ಕಲ್ಪಿಸಿ ಒಂದು ಪುಸ್ತಕ ಬರೆದನು. ಈ ಎರಡು ಉದಾಹರಣೆಗಳಲ್ಲಿಯೇ ಈ ಪ್ರಕಾರದ ಮುಖ್ಯ ದೋಷವೂ ಕಾಣುತ್ತದೆ. ಬರೆಯುವವನು ತಾನು ಬಯಸಿದ್ದನ್ನೇ ‘ನಡೆಯಬಹುದಾಗಿತ್ತು’ ಎಂದು ನಂಬಿಬಿಡುವ ಅಪಾಯ ಇಲ್ಲಿ ಸದಾ ಇದ್ದೇ ಇರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಇದು ಪ್ರೌಢವಾಯಿತು. ಎಲ್. ಸ್ಪ್ರೇಗ್ ಡಿ ಕ್ಯಾಂಪ್ 1939ರಲ್ಲಿ ಬರೆದ ಕಥೆಯೊಂದರಲ್ಲಿ ಇಂದಿನ ಕಾಲದ ಪುರಾತತ್ತ್ವಜ್ಞನೊಬ್ಬನು ಕ್ರಿ.ಶ. 535ರ ರೋಮಿಗೆ ಹೋಗಿ ಬೀಳುತ್ತಾನೆ. ಹೊಟ್ಟೆಪಾಡಿಗಾಗಿ ಮದ್ಯವನ್ನು ಭಟ್ಟಿಯಿಳಿಸುತ್ತಾನೆ, ನಮ್ಮ ದೇಶದಿಂದ ಹೊರಟು ಅರಬರ ಮೂಲಕ ಯುರೋಪನ್ನು ಸೇರಬೇಕಾಗಿದ್ದ ಅಂಕಿಗಳನ್ನು ಕೆಲವು ಶತಮಾನ ಮುಂಚಿತವಾಗಿಯೇ ಅಲ್ಲಿಯವರಿಗೆ ಕಲಿಸುತ್ತಾನೆ, ಅಚ್ಚುಕೂಟವನ್ನು ಸ್ಥಾಪಿಸುತ್ತಾನೆ. ಆದರೆ ಅವನು ಮಾಡಲೆತ್ತಿಸಿದ ಸಿಡಿಮದ್ದು ಸಿಡಿಯುವುದಿಲ್ಲ. ಸೂತ್ರವು ತಿಳಿದ ಮಾತ್ರಕ್ಕೆ ವಸ್ತುವು ಕೈಗೆ ಬಾರದು, ಅದಕ್ಕೆ ತಕ್ಕ ಸಾಮಗ್ರಿಯೂ ಕೈಪಳಗಿದ ಕೆಲಸಗಾರರೂ ಬೇಕು ಎಂಬ ವಿಜ್ಞಾನೇತಿಹಾಸದ ದೊಡ್ಡ ಸತ್ಯವನ್ನು ಈ ಕಥೆಯು ನಗುತ್ತ ನಗಿಸುತ್ತ ಹೇಳಿಬಿಡುತ್ತದೆ.

ಫಿಲಿಪ್ ಕೆ. ಡಿಕ್ 1962ರಲ್ಲಿ ಬರೆದ ಕಾದಂಬರಿಯಲ್ಲಿ ಎರಡನೆಯ ಮಹಾಯುದ್ಧವನ್ನು ಜರ್ಮನಿ ಮತ್ತು ಜಪಾನುಗಳು ಗೆದ್ದಿವೆ. ಹಾಗಾಗಲು ಕಾರಣವೇನು? 1933ರಲ್ಲಿ ಮಯಾಮಿ ನಗರದಲ್ಲಿ ರೂಸ್‌ವೆಲ್ಟರ ಮೇಲೆ ಗುಂಡು ಹಾರಿಸಿದ ಹಂತಕನ ಗುರಿಯು ವಾಸ್ತವವಾಗಿ ತಪ್ಪಿತು. ಕಾದಂಬರಿಯ ಲೋಕದಲ್ಲಿ ರೂಸ್‌ವೆಲ್ಟರು ಹಂತಕನಿಗೆ ಬಲಿಯಾಗಿದ್ದಾರೆ. ಕಿಮ್ ಸ್ಟ್ಯಾನ್ಲಿ ರಾಬಿನ್‌ಸನ್ನರ 2002ರ ಕಾದಂಬರಿಯಲ್ಲಿಯಾದರೋ ಹದಿನಾಲ್ಕನೆಯ ಶತಮಾನದ ಪ್ಲೇಗು ಯುರೋಪನ್ನು ಬಹುಮಟ್ಟಿಗೆ ನಿರ್ಜನಗೊಳಿಸುತ್ತದೆ. ಮುಂದಿನ ವಿಜ್ಞಾನ, ತಂತ್ರವಿದ್ಯೆಗಳೆಲ್ಲ ಏಷ್ಯದಲ್ಲಿಯೇ ಬೆಳೆಯುತ್ತವೆ. ತಿರುವಾಂಕೂರು ಅಲ್ಲಿ ಜಗತ್ತಿಗೆ ದಾರಿ ತೋರುವ ರಾಜ್ಯಗಳಲ್ಲಿ ಒಂದು. ವಿಜ್ಞಾನವು ಯಾವುದೋ ಒಂದು ಖಂಡದ ಪಿತ್ರಾರ್ಜಿತ ಸ್ವತ್ತಲ್ಲವೆಂಬ ವಿಚಾರವನ್ನು ಇಷ್ಟು ವಿಸ್ತಾರವಾಗಿ ಹೇಳಿದ ಕಥೆಗಳು ವಿರಳ.

ನಾರಳೀಕರರ ಗುಂಡು

ನಮ್ಮ ದೇಶದಲ್ಲಿ ಈ ಬಗೆಯ ಕಥೆಯನ್ನು ವಿದ್ಯಾರ್ಥಿಗಳ ಬಳಿಗೆ ತಂದವರು ಖಗೋಳವಿಜ್ಞಾನಿ ಜಯಂತ ವಿಷ್ಣು ನಾರಳೀಕರರು (1938–2025). ಅವರ ಕಥೆಯೊಂದು ‘ದಿ ಅಡ್ವೆಂಚರ್’ ಎಂಬ ಹೆಸರಿನಲ್ಲಿ ಹನ್ನೊಂದನೆಯ ತರಗತಿಯ ಎನ್.ಸಿ.ಇ.ಆರ್.ಟಿ. ಇಂಗ್ಲಿಷ್ ಪಠ್ಯದಲ್ಲಿ ಸೇರಿದುದರಿಂದ ದೇಶದ ಅಸಂಖ್ಯ ವಿದ್ಯಾರ್ಥಿಗಳು ಅದನ್ನು ಓದಿದ್ದಾರೆ. ಇತಿಹಾಸದ ಪ್ರಾಧ್ಯಾಪಕರೊಬ್ಬರು ಅಪಘಾತಕ್ಕೆ ಸಿಕ್ಕಿದವರು ಕಣ್ದೆರೆಯುವಷ್ಟರಲ್ಲಿ ಬೇರೊಂದು ಮುಂಬಯಿಯಲ್ಲಿರುತ್ತಾರೆ. ಅಲ್ಲಿ ಇನ್ನೂ ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಹಾರುತ್ತಿದೆ! ಗ್ರಂಥಾಲಯಕ್ಕೆ ಹೋಗಿ ಹುಡುಕಿದಾಗ ಅವರಿಗೆ ತಿಳಿಯುವುದೇನೆಂದರೆ, ಆ ಲೋಕದಲ್ಲಿ 1761ರ ಪಾಣಿಪತ್ ಯುದ್ಧವನ್ನು ಮರಾಠರು ಗೆದ್ದಿದ್ದಾರೆ. ನಮ್ಮ ಲೋಕದಲ್ಲಿ ವಿಶ್ವಾಸರಾಯನನ್ನು ಕೊಂದ ಗುಂಡು ಆ ಲೋಕದಲ್ಲಿ ಎಳ್ಳಷ್ಟರಲ್ಲಿ ತಪ್ಪಿಹೋಗಿತ್ತು.

ಹುಣಸೂರಿನ ವಿದ್ಯಾರ್ಥಿಯೊಬ್ಬನು ಈ ಕಥೆಯನ್ನು ಓದಿ ಕೇಳಿದ ಪ್ರಶ್ನೆ ಮೆಚ್ಚತಕ್ಕದ್ದು: “ಒಂದು ಗುಂಡಿನಿಂದ ಇಡೀ ದೇಶದ ಇತಿಹಾಸ ಬದಲಾಗುವುದಾದರೆ, ಪರೀಕ್ಷೆಗೆ ನಾವು ಬರೆಯುವ ಆರ್ಥಿಕ ಕಾರಣ, ಸಾಮಾಜಿಕ ಕಾರಣಗಳೆಲ್ಲ ಸುಳ್ಳೇ?”

ಇದಕ್ಕೆ ವಿಜ್ಞಾನವು ಕೊಡುವ ಉತ್ತರ ಎರಡು ಮುಖದ್ದು. 1961ರಲ್ಲಿ ಅಮೆರಿಕದ ಹವಾಮಾನತಜ್ಞ ಎಡ್ವರ್ಡ್ ಲೊರೆನ್ಸರು ತಮ್ಮ ಗಣಕಯಂತ್ರದಲ್ಲಿ ಹವೆಯ ಗಣಿತವನ್ನು ಎರಡನೆಯ ಸಲ ನಡೆಸಿದರು. 0.506127 ಎಂಬ ಸಂಖ್ಯೆಗೆ ಬದಲಾಗಿ 0.506 ಎಂದು ಮೊಟಕುಗೊಳಿಸಿ ಕೊಟ್ಟಿದ್ದರು, ಅಷ್ಟೆ. ಸ್ವಲ್ಪ ಕಾಲ ಎರಡು ಲೆಕ್ಕಗಳೂ ಜೊತೆಜೊತೆಯಾಗಿ ನಡೆದು, ಬಳಿಕ ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಂತೆ ಅಗಲಿಹೋದವು. ಹತ್ತುಸಾವಿರದ ಒಂದೆರಡು ಪಾಲಿನ ವ್ಯತ್ಯಾಸವು ಬಿಸಿಲನ್ನು ಬಿರುಗಾಳಿಯನ್ನಾಗಿ ಮಾಡಬಲ್ಲುದೆಂದು ಇದರಿಂದ ತಿಳಿಯಿತು. ಕೆಲವು ವ್ಯವಸ್ಥೆಗಳು ಕಡ್ಡಿಯನ್ನು ನಿಜವಾಗಿಯೂ ಗುಡ್ಡ ಮಾಡುತ್ತವೆ.

ಆದರೆ ಎಲ್ಲ ವ್ಯವಸ್ಥೆಗಳೂ, ಎಲ್ಲ ಸಮಯದಲ್ಲಿಯೂ ಹಾಗಿರುವುದಿಲ್ಲ. ಬಾಣಲೆಯ ತಳದಲ್ಲಿಟ್ಟ ಗೋಲಿಯನ್ನು ಮೆಲ್ಲನೆ ತಳ್ಳಿದರೆ ಅದು ಮತ್ತೆ ತಳಕ್ಕೇ ಬಂದು ನಿಲ್ಲುವುದು. ಬೋರಲು ಹಾಕಿದ ಬಾಣಲೆಯ ನೆತ್ತಿಯ ಮೇಲಿಟ್ಟ ಗೋಲಿಯಾದರೋ ಉಸಿರು ತಾಕಿದರೂ ಉರುಳುವುದು; ಯಾವ ಕಡೆಗೆ ಉರುಳೀತೆಂದು ಹೇಳಬರುವುದಿಲ್ಲ. ಇತಿಹಾಸದಲ್ಲಿಯೂ ತಳದ ಕಾಲಗಳುಂಟು, ನೆತ್ತಿಯ ಕಾಲಗಳುಂಟು. ಗೋಲಿಯನ್ನು ನೆತ್ತಿಗೆ ಏರಿಸುವವು ಆರ್ಥಿಕ, ಸಾಮಾಜಿಕ ಕಾರಣಗಳು. ಅಲ್ಲಿಂದ ಯಾವ ಕಡೆಗೆ ಉರುಳಬೇಕೆಂಬುದನ್ನು ಒಂದು ಗುಂಡು ನಿರ್ಧರಿಸಬಹುದು. ಹೀಗಿರಲು ಎರಡು ಬಗೆಯ ಕಾರಣಗಳಿಗೂ ಎಡೆಯುಂಟು, ಒಂದನ್ನೊಂದು ಅಲ್ಲಗಳೆಯಬೇಕಾಗಿಲ್ಲ.

ನಾರಳೀಕರರ ಕಥೆಯಲ್ಲಿ ಕ್ವಾಂಟಮ್ ಸಿದ್ಧಾಂತದ ಪ್ರಸ್ತಾಪವೂ ಬರುತ್ತದೆ. 1957ರಲ್ಲಿ ಹ್ಯೂ ಎವರೆಟ್ ಎಂಬ ಭೌತವಿಜ್ಞಾನಿಯು ಮುಂದಿಟ್ಟ ವ್ಯಾಖ್ಯಾನದಿಂದ ಬಹುಲೋಕಗಳ ಕಲ್ಪನೆಯು ಬೆಳೆಯಿತು. ಇದು ಗಂಭೀರವಾದ ವ್ಯಾಖ್ಯಾನವೇ ಹೌದು. ಆದರೂ ಎಲ್ಲ ಭೌತವಿಜ್ಞಾನಿಗಳೂ ಒಪ್ಪಿದುದಲ್ಲ. ‘ಎಲ್ಲಿಯೋ ಒಂದು ಲೋಕದಲ್ಲಿ ಹಾಗೆಯೇ ನಡೆದಿದೆ’ ಎಂದು ಕಥೆಗಾರನು ಹೇಳಿದರೆ ಅದು ಕಥೆಯ ಹಕ್ಕು. ವಾಚಕನು ಅದನ್ನು ಪ್ರಯೋಗದಿಂದ ಸಿದ್ಧವಾದ ಸಂಗತಿಯೆಂದು ಭಾವಿಸಬಾರದು.

ಪಿರಿಯಾಪಟ್ಟಣದ ಮಂಜು

ಪಾಣಿಪತ್ ದೂರದ ಮಾತಾಯಿತು. ಆದರೆ ಪಾಣಿಪತ್ತಿನ ಸೋಲಿನಿಂದ ಮರಾಠರ ಬಲ ಕುಗ್ಗಿದ್ದು ಮೈಸೂರಿನಲ್ಲಿ ಅದೇ ವರ್ಷ ಹೈದರಲಿಯು ಅಧಿಕಾರವನ್ನು ಭದ್ರಪಡಿಸಿಕೊಳ್ಳಲು ಅನುಕೂಲವಾಯಿತೆಂಬುದನ್ನು ನೆನೆದರೆ, ಆ ಗುಂಡಿನ ಸದ್ದು ನಮ್ಮ ಮನೆಯಂಗಳಕ್ಕೂ ಕೇಳಿಸುವುದು. ಹೈದರನ ಮಗನ ಆಳಿಕೆಯ ಕೊನೆಯ ವಾರಗಳಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳೊಳಗೇ ಅಂತಹ ಒಂದು ನೆತ್ತಿಯ ಗಳಿಗೆ ಬಂದಿತ್ತು. ಪಿರಿಯಾಪಟ್ಟಣದ ವಿದ್ಯಾರ್ಥಿಗಳಲ್ಲಿಯೂ ಅನೇಕರಿಗೆ ಇದು ತಿಳಿದಿರಲಿಲ್ಲ.

1799ರ ಆರಂಭದಲ್ಲಿ ಶ್ರೀರಂಗಪಟ್ಟಣದ ಮೇಲೆ ಎರಡು ಆಂಗ್ಲ ಸೇನೆಗಳು ಎರಡು ದಿಕ್ಕುಗಳಿಂದ ಹೊರಟವು. ಮದರಾಸಿನ ಕಡೆಯಿಂದ ಜನರಲ್ ಹ್ಯಾರಿಸನ ದೊಡ್ಡ ಸೇನೆ ಬರುತ್ತಿತ್ತು. ಅದರಲ್ಲಿ 20,000ಕ್ಕೂ ಮಿಕ್ಕ ಯೋಧರು, ಜೊತೆಗೆ ನಿಜಾಮನ ದಂಡು. ಮಲೆಯಾಳದ ಕಡೆಯಿಂದ ಘಟ್ಟವನ್ನೇರಿ ಕೊಡಗಿನ ಮೂಲಕ ಜನರಲ್ ಸ್ಟೂಅರ್ಟನ ಮುಂಬಯಿ ಸೇನೆ ಬರುತ್ತಿತ್ತು. ಅದರಲ್ಲಿ ಸುಮಾರು 6,400 ಮಂದಿ. ದೊಡ್ಡ ಸೇನೆಯು ಹತ್ತಿರವಾಗುವ ಮೊದಲೇ ಚಿಕ್ಕದನ್ನು ಮುರಿಯಬೇಕೆಂದು ಟಿಪ್ಪುಸುಲ್ತಾನನು ವೇಗವಾಗಿ ಪಶ್ಚಿಮಕ್ಕೆ ಸಾಗಿ ಪಿರಿಯಾಪಟ್ಟಣದ ಬಳಿ ಬೀಡುಬಿಟ್ಟನು. ಆಂಗ್ಲರ ಮುಂಚೂಣಿಯ ಮೂರು ದಳಗಳು ಕರ್ನಲ್ ಮಾಂಟ್ರೆಸರನ ಕೈಕೆಳಗೆ ಕೊಡಗಿನ ಗಡಿಯ ಸಿದ್ದೇಶ್ವರದಲ್ಲಿದ್ದವು. ಆಂಗ್ಲ ದಾಖಲೆಗಳಲ್ಲಿ ಈ ಸ್ಥಳದ ಹೆಸರು ‘ಸೀದಾಸೀರ್’ ಎಂದಿದೆ. ಮಾರ್ಚಿ 5ರಂದು ಬೆಟ್ಟದ ಮೇಲಿನ ಕಾವಲಿನವರು ಪಿರಿಯಾಪಟ್ಟಣದ ಬಯಲಿನಲ್ಲಿ ಗುಡಾರಗಳೇಳುತ್ತಿರುವುದನ್ನು ಕಂಡರು. ಅವುಗಳಲ್ಲಿ ಒಂದು ಹಸುರು ಬಣ್ಣದ್ದು. ಸುಲ್ತಾನನೇ ಬಂದಿರಬೇಕೆಂಬ ಶಂಕೆ ಹುಟ್ಟಿದ್ದು ಅದರಿಂದ.

ಮಾರ್ಚಿ 6ರ ಬೆಳಗ್ಗೆ ಮಂಜು ಕವಿದ ಕಾಡಿನ ಮರೆಯಲ್ಲಿ ಸಾಗಿದ ಮೈಸೂರು ಸೇನೆಯು ಮಾಂಟ್ರೆಸರನ ದಳಗಳನ್ನು ಮುಂದಿನಿಂದಲೂ ಹಿಂದಿನಿಂದಲೂ ಒಮ್ಮೆಗೇ ಹೊಡೆಯಿತು. ಕಾಳಗವು ಆರು ಗಂಟೆಗಳ ಕಾಲ ನಡೆಯಿತು. ಸುತ್ತುವರಿಯಲ್ಪಟ್ಟವರ ಮದ್ದುಗುಂಡುಗಳು ಮುಗಿಯುತ್ತ ಬಂದಿದ್ದುವು. ಮಧ್ಯಾಹ್ನ ಸ್ಟೂಅರ್ಟನು ಹಿಂದಿನ ಬೀಡಿನಿಂದ ನೆರವಿನೊಡನೆ ಬಂದು ಮುತ್ತಿಗೆಯನ್ನು ಬಿಡಿಸಿದನು. ಟಿಪ್ಪು ಹಿಂದೆಗೆದನು. ಇಪ್ಪತ್ತೊಂದು ದಿನಗಳ ಬಳಿಕ ಮಳವಳ್ಳಿಯಲ್ಲಿ ಹ್ಯಾರಿಸನನ್ನು ಎದುರಿಸಿ ಅಲ್ಲಿಯೂ ಸೋತನು. ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಸುಲ್ತಾನನು ಹೋರಾಡುತ್ತಲೇ ಮಡಿದನು.

ನೆರವು ಎರಡು ಗಂಟೆ ತಡವಾಗಿದ್ದರೆ? ಆ ಹಸುರು ಗುಡಾರವನ್ನು ಯಾರೂ ಕಾಣದಿದ್ದರೆ? ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆಯ ಕವಲುದಾರಿ ಬೇಕೇ?

ಈ ಪ್ರಶ್ನೆಯನ್ನು ಮುಂದಿಟ್ಟಾಗ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಲಿವಿಯಂತೆಯೇ ನಡೆದುಕೊಂಡರು. ಟಿಪ್ಪುವನ್ನು ಮೆಚ್ಚುವವರು ಕಂಪನಿಯ ಆಳಿಕೆಯು ಅಲ್ಲಿಯೇ ಕೊನೆಗೊಳ್ಳುತ್ತಿತ್ತೆಂದರು. ಮೆಚ್ಚದವರು ಏನೂ ಬದಲಾಗುತ್ತಿರಲಿಲ್ಲವೆಂದರು. ಎರಡೂ ಉತ್ತರಗಳು ಬಂದುದು ಮನಸ್ಸಿನ ಒಲವಿನಿಂದ, ಸಾಕ್ಷ್ಯದಿಂದಲ್ಲ. ಆಗ ಕೃಷ್ಣರಾಜನಗರದ ವಿದ್ಯಾರ್ಥಿನಿಯೊಬ್ಬಳು, “ಹೊಳೆಯನ್ನು ಎಲ್ಲರೂ ಮರೆತಿರಲ್ಲ!” ಎಂದಳು. ಕಾವೇರಿಯ ದಡದಲ್ಲಿ ಬೆಳೆದವಳಿಗೆ ಈ ಮಾತು ಹೊಳೆದುದು ಸಹಜ. ಅವಳ ಪಟ್ಟಣವೇ ಹೊಳೆಯ ಕಾಟದಿಂದ ಹುಟ್ಟಿದುದು. ಎಡತೊರೆಗೆ ನೆರೆಯ ಹಾವಳಿಯು ತಪ್ಪದಿದ್ದುದರಿಂದ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1925–30ರ ಸುಮಾರಿಗೆ, ಹೊಸ ಊರನ್ನು ಕಟ್ಟಿ ಅವರ ಹೆಸರನ್ನೇ ಇಟ್ಟರು.

ಹೊಳೆಯ ಸಾಕ್ಷ್ಯ

ಅವಳ ಮಾತಿನಲ್ಲಿ ನಿಜವಾದ ವೈಜ್ಞಾನಿಕ ದೃಷ್ಟಿಯಿತ್ತು. 1799ರ ಮೇ 4ರಂದು ಆಂಗ್ಲ ಸೈನಿಕರು ಬೇಸಗೆಯಲ್ಲಿ ಬತ್ತಿದ ಕಾವೇರಿಯನ್ನು ಕಾಲ್ನಡಿಗೆಯಲ್ಲಿ ದಾಟಿ ಕೋಟೆಯ ಬಿರುಕನ್ನೇರಿದರು. ಜೂನ್ ತಿಂಗಳಲ್ಲಿ ಕೊಡಗಿನಲ್ಲಿ ಮಳೆ ಹಿಡಿದೊಡನೆ ಅದೇ ಕಾವೇರಿಯು, ಹುಣಸೂರಿನ ಲಕ್ಷ್ಮಣತೀರ್ಥವನ್ನೂ ಕೂಡಿಸಿಕೊಂಡು, ಕೋಟೆಗೆ ಭೇದಿಸಲಾಗದ ಕಂದಕವಾಗುತ್ತಿತ್ತು. ಹ್ಯಾರಿಸನ ಸೇನೆಗೆ ಆಹಾರದ ಅಭಾವವೂ ಬಂದೊದಗಿತ್ತು. ಇನ್ನು ಮುಂಬಯಿ ಸೇನೆಯೋ? ಅದು ಏಪ್ರಿಲಿನ ನಡುವೆ ಬಂದು ಸೇರಿ ಹೊಳೆಯ ಉತ್ತರದ ದಡದಿಂದ ಮುತ್ತಿಗೆಗೆ ನೆರವಾಯಿತು. ಸಿದ್ದೇಶ್ವರದಲ್ಲಿ ಅದು ಮುರಿದುಹೋಗಿದ್ದರೆ ಮುತ್ತಿಗೆಯು ಕೆಲವು ವಾರ ತಡವಾಗುತ್ತಿತ್ತೆಂದು ಊಹಿಸುವುದು ಅಸಂಗತವಲ್ಲ. ಆ ಕೆಲವು ವಾರಗಳೇ ಬೇಸಗೆಗೂ ಮಳೆಗಾಲಕ್ಕೂ ನಡುವಿನ ಅಂತರ.

ಇದು ಕೇವಲ ಊಹೆಯೆನ್ನುವಿರಾ? ಇತಿಹಾಸವು ಅದೇ ಪ್ರಯೋಗವನ್ನು ಎಂಟು ವರ್ಷಗಳ ಹಿಂದೆ ಒಮ್ಮೆ ಮಾಡಿ ತೋರಿಸಿತ್ತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದು ಕಾಳಗದಲ್ಲಿ ಗೆದ್ದಿದ್ದನು. ಅಬರ್‌ಕ್ರೋಂಬಿಯ ಮುಂಬಯಿ ಸೇನೆಯು ಇದೇ ಪಿರಿಯಾಪಟ್ಟಣದವರೆಗೆ ಬಂದಿತ್ತು. ಆದರೆ ಮಳೆ ಹಿಡಿಯಿತು; ಎತ್ತುಗಳು ರೋಗದಿಂದ ಸತ್ತವು; ಅಕ್ಕಿ ಮುಗಿಯಿತು. ಕಾರ್ನ್‌ವಾಲಿಸನು ತನ್ನ ಭಾರಿ ತೋಪುಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು, ಅಬರ್‌ಕ್ರೋಂಬಿ ಘಟ್ಟವನ್ನಿಳಿದನು. ಅಂದರೆ ‘ಮಳೆಗಾಲವು ಮೊದಲು ಬಂದರೆ ಏನಾಗುವುದು?’ ಎಂಬ ಪ್ರಶ್ನೆಗೆ ಉತ್ತರವು ದಾಖಲೆಯಲ್ಲಿಯೇ ಇದೆ.

ಆ ಉತ್ತರದ ದ್ವಿತೀಯಾರ್ಧವನ್ನೂ ಓದಬೇಕು. ಕಾರ್ನ್‌ವಾಲಿಸನು 1792ರ ಫೆಬ್ರವರಿಯಲ್ಲಿ ಮತ್ತೆ ಬಂದನು. ಟಿಪ್ಪು ತನ್ನ ರಾಜ್ಯದ ಅರ್ಧವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಲೊಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಮಳೆಯು ಕೊಟ್ಟುದು ಒಂಬತ್ತು ತಿಂಗಳ ಗಡುವೇ ಹೊರತು ಗೆಲುವಲ್ಲ. 1799ರಲ್ಲಿ ಸುಲ್ತಾನನ ಬಳಿ ಉಳಿದಿದ್ದುದು ಅರ್ಧ ರಾಜ್ಯ. ಅವನು ನೆಚ್ಚಿದ್ದ ಫ್ರೆಂಚರ ನೌಕಾಬಲವನ್ನು ನೆಲ್ಸನ್ನನು ಹಿಂದಿನ ವರ್ಷದ ಆಗಸ್ಟಿನಲ್ಲಿಯೇ ನೈಲ್ ನದಿಯ ಮುಖದಲ್ಲಿ ಮುಳುಗಿಸಿದ್ದನು. ನೆಪೋಲಿಯನ್ನನು ಅದೇ ಮಾರ್ಚಿಯಲ್ಲಿ ಏಕರ್ ಕೋಟೆಯ ಮುಂದೆ ಸಿಕ್ಕಿಕೊಂಡಿದ್ದನು. ಆದುದರಿಂದ ಸಿದ್ದೇಶ್ವರದ ಗೆಲುವು ಶ್ರೀರಂಗಪಟ್ಟಣಕ್ಕೆ ಒಂದು ಮಳೆಗಾಲದ ಆಯುಷ್ಯವನ್ನು ಹೆಚ್ಚಿಸುತ್ತಿತ್ತೆಂದು ನಾವು ಸ್ವಲ್ಪ ಧೈರ್ಯದಿಂದ ಹೇಳಬಹುದು. ಕಂಪನಿಯು ದೇಶವನ್ನೇ ಬಿಟ್ಟುಹೋಗುತ್ತಿತ್ತೆಂದು ಹೇಳಲು ನಮ್ಮಲ್ಲಿ ಆಧಾರವಿಲ್ಲ.

ಊಹೆಗೂ ನಿಯಮವುಂಟು

ಈ ಒಂದು ಉದಾಹರಣೆಯಿಂದ ಒಳ್ಳೆಯ ಪರ್ಯಾಯ ಇತಿಹಾಸಕ್ಕಿರಬೇಕಾದ ನಿಯಮಗಳು ತಾವಾಗಿಯೇ ಹೊರಡುತ್ತವೆ. ಮೊದಲನೆಯದಾಗಿ, ಬದಲಾವಣೆಯು ಆದಷ್ಟು ಚಿಕ್ಕದಿರಬೇಕು. ಟಿಪ್ಪುವಿನ ಬಳಿ ವಿಮಾನವಿದ್ದಿದ್ದರೆ ಎಂಬುದು ವಿನೋದ. ನೆರವು ತಡವಾಗಿದ್ದರೆ ಎಂಬುದು ವಿಚಾರ. ಎರಡನೆಯದಾಗಿ, ಬದಲಾವಣೆಯ ಬಳಿಕ ಎದುರಾಳಿಯು ಕೈಕಟ್ಟಿ ಕುಳಿತಿರುವನೆಂದು ಭಾವಿಸಬಾರದು. ಅವನೂ ಹೊಸ ಉಪಾಯ ಹೂಡುವನು. ಮೂರನೆಯದಾಗಿ, ಊಹೆಯ ಸರಪಳಿಯು ಉದ್ದವಾದಷ್ಟೂ ದುರ್ಬಲವಾಗುವುದು.

ಮೂರನೆಯ ನಿಯಮವನ್ನು ಅಂಕಗಣಿತದಿಂದಲೇ ತೋರಿಸಬಹುದು. ಕಥೆಯ ಪ್ರತಿಯೊಂದು ಹೆಜ್ಜೆಯೂ ನೂರಕ್ಕೆ ಎಂಬತ್ತು ಪಾಲು ಸಂಭಾವ್ಯವೆಂದು ಇಟ್ಟುಕೊಳ್ಳೋಣ. ಎರಡು ಹೆಜ್ಜೆಗಳು ಕೂಡಿ ಬರುವ ಸಂಭಾವ್ಯತೆ ನೂರಕ್ಕೆ 64. ಐದು ಹೆಜ್ಜೆಗಳದು ಸುಮಾರು 33. ಹತ್ತು ಹೆಜ್ಜೆಗಳದು 11ಕ್ಕಿಂತಲೂ ಕಡಿಮೆ. ಪ್ರತಿ ಹೆಜ್ಜೆಯೂ ನಂಬತಕ್ಕದ್ದಾಗಿಯೇ ಕಂಡರೂ ಕಥೆಯ ಕೊನೆಯು ನಂಬತಕ್ಕದ್ದಲ್ಲದೆ ಹೋಗುವುದು ಹೀಗೆ. ಕಾದಂಬರಿಯ ಮೊದಲ ಐವತ್ತು ಪುಟಗಳನ್ನು ಇತಿಹಾಸದ ವಿದ್ಯಾರ್ಥಿಯಾಗಿ ಓದಿ, ಉಳಿದುದನ್ನು ಕಥಾಪ್ರಿಯನಾಗಿ ಓದತಕ್ಕದ್ದೆಂದು ನಾವು ಹೇಳುವುದು ಈ ಲೆಕ್ಕದಿಂದಲೇ.

‘ಇವೆಲ್ಲ ಬಿಡುವಿನ ವೇಳೆಯ ಆಟ’ ಎಂದು ತಳ್ಳಿಹಾಕಿದ ವಿದ್ಯಾರ್ಥಿಗಳಿಗೆ ದೊಡ್ಡವರ ಬೆಂಬಲವೂ ಉಂಟು. ಇಂಗ್ಲೆಂಡಿನ ಇತಿಹಾಸಕಾರ ಇ.ಎಚ್. ಕಾರ್ 1961ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಈ ಬಗೆಯ ‘ಆಗಿದ್ದರೆ’ಗಳನ್ನು ಹಗುರವಾಗಿ ಕಂಡರು. ಆದರೆ ಮೂರೇ ವರ್ಷಗಳಲ್ಲಿ, 1964ರಲ್ಲಿ, ಅಮೆರಿಕದ ರಾಬರ್ಟ್ ಫೋಗೆಲ್ ಎಂಬ ಅರ್ಥಶಾಸ್ತ್ರಜ್ಞರು ‘ರೈಲುಮಾರ್ಗಗಳೇ ಇಲ್ಲದಿದ್ದರೆ 1890ರ ಅಮೆರಿಕದ ಸಂಪತ್ತು ಎಷ್ಟು ಕಡಿಮೆಯಾಗುತ್ತಿತ್ತು?’ ಎಂಬ ಪ್ರಶ್ನೆಯನ್ನೆತ್ತಿ, ಕಾಲುವೆ, ಬಂಡಿ, ಹಡಗುಗಳ ಸಾಗಣೆಯ ವೆಚ್ಚವನ್ನು ಲೆಕ್ಕಹಾಕಿ, ಜನರು ಭಾವಿಸಿದ್ದುದಕ್ಕಿಂತ ಬಹಳ ಅಲ್ಪವೆಂದು ತೋರಿಸಿದರು. ಅವರಿಗೆ 1993ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆಟವೆನಿಸಿದ್ದು ಅಳತೆಯಾಯಿತು.

ಅಷ್ಟೇ ಅಲ್ಲ. ‘ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು’ ಎನ್ನುತ್ತೇವಷ್ಟೆ? ಕೊಂಬೆ ಮುರಿದುದು ಕಾಗೆಯಿಂದಲೋ ಅಲ್ಲವೋ ಎಂದು ತಿಳಿಯಲು ಇರುವ ದಾರಿ ಒಂದೇ: ಕಾಗೆಯು ಕೂರದಿದ್ದರೆ ಕೊಂಬೆಯು ಮುರಿಯುತ್ತಿತ್ತೇ ಎಂದು ಕೇಳುವುದು. ಯಾವುದನ್ನು ಯಾವುದಕ್ಕೆ ಕಾರಣವೆಂದರೂ ಅದರೊಳಗೆ ಇಂತಹ ಒಂದು ಪರ್ಯಾಯ ಲೋಕವು ಅಡಗಿಯೇ ಇರುತ್ತದೆ. ಹುಣಸೂರಿನ ರೈತನು ಹೊಸ ಗೊಬ್ಬರವನ್ನು ಪರೀಕ್ಷಿಸಬೇಕಾದರೆ ಹೊಲವನ್ನು ಎರಡಾಗಿ ಮಾಡಿ ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಡುತ್ತಾನೆ. ಆ ಬಿಟ್ಟ ಹೊಲವೇ ‘ಗೊಬ್ಬರ ಹಾಕದಿದ್ದರೆ’ ಎಂಬ ಪರ್ಯಾಯ ಇತಿಹಾಸ. ಹೊಸ ಔಷಧವನ್ನು ಪರೀಕ್ಷಿಸುವ ವೈದ್ಯರೂ ರೋಗಿಗಳನ್ನು ಎರಡು ಗುಂಪು ಮಾಡಿ ಇದನ್ನೇ ಮಾಡುತ್ತಾರೆ. ಇತಿಹಾಸಕಾರನ ದುರ್ದೈವವೆಂದರೆ ಅವನಿಗೆ ಎರಡನೆಯ ಹೊಲವಿಲ್ಲ. ಅದಕ್ಕಾಗಿಯೇ ಅವನು 1799ರ ಪಕ್ಕದಲ್ಲಿ 1791ನ್ನು ಇಟ್ಟು ನೋಡುತ್ತಾನೆ. ಅದೂ ಸಾಲದಿದ್ದಾಗ ಕಲ್ಪನೆಯಲ್ಲಿ ಒಂದು ಹೊಲವನ್ನು ಉಳುತ್ತಾನೆ.

ಮೂರನೆಯ ಅಭಿಪ್ರಾಯ

ಈಗ ಮೊದಲೇ ಹೇಳಿದ ಮೂರನೆಯ ಅಭಿಪ್ರಾಯಕ್ಕೆ ಬರೋಣ. ಹೆಗ್ಗಡದೇವನಕೋಟೆಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಬಹಳ ಹೊತ್ತು ಮೌನವಾಗಿದ್ದು ಕೊನೆಗೆ ಹೀಗೆಂದಳು: “ಈ ಪುಸ್ತಕಗಳಲ್ಲಿ ಗೆಲ್ಲುವವರೂ ರಾಜರು, ಸೋಲುವವರೂ ರಾಜರು. ನಮ್ಮ ಅಜ್ಜಿ ಹುಟ್ಟಿದ ಊರು ಕಬಿನಿ ಹಿನ್ನೀರಿನ ಅಡಿಯಲ್ಲಿದೆ. ಆ ಊರು ಮುಳುಗದಿದ್ದರೆ ಏನಾಗುತ್ತಿತ್ತೆಂದು ಯಾರಾದರೂ ಕಾದಂಬರಿ ಬರೆದಿದ್ದಾರೆಯೇ?”

ನಾವು ಒಡನೆ ಉತ್ತರ ಕೊಡಲಾಗಲಿಲ್ಲ. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟು ಹಲವು ಹಳ್ಳಿಗಳನ್ನೂ ಕಾಕನಕೋಟೆಯ ಕಾಡಿನ ದೊಡ್ಡ ಭಾಗವನ್ನೂ ನೀರಿಗೆ ಒಪ್ಪಿಸಿತು. ಆನೆಗಳನ್ನು ಹೊಳೆಗಿಳಿಸಿ ಹಿಡಿಯುತ್ತಿದ್ದ ಲೋಕಪ್ರಸಿದ್ಧ ಖೆಡ್ಡಾ 1971ರಲ್ಲಿ ಕೊನೆಯ ಬಾರಿ ನಡೆದಿತ್ತು. ಇದೇ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು, ವಿದೇಶೀ ಚಿತ್ರತಂಡವೊಂದರ ಕಣ್ಣಿಗೆ ಬಿದ್ದು 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗದ್ವಿಖ್ಯಾತನಾದನು. ಆ ತಂಡವು ಬರದಿದ್ದರೆ ಅವನೂ ಒಬ್ಬ ಮಾವುತನಾಗಿಯೇ ಬಾಳುತ್ತಿದ್ದನೇನೋ. ಅವನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ತಂಡದ ಕಣ್ಣಿಗೆ ಬೀಳದ ಹುಡುಗರ ಕಥೆಯನ್ನು ಹೇಳುವವರಿಲ್ಲ. ಕಾಡಿನೊಳಗಿದ್ದ ಜೇನುಕುರುಬರ, ಬೆಟ್ಟಕುರುಬರ ಹಾಡಿಗಳು ಅಣೆಕಟ್ಟಿಗಾಗಿಯೂ ವನ್ಯಜೀವಿಗಳ ರಕ್ಷಣೆಗಾಗಿಯೂ ಹೊರಗೆ ಬಂದವು. 1988ರಲ್ಲಿ ನಾಗರಹೊಳೆಯು ರಾಷ್ಟ್ರೀಯ ಉದ್ಯಾನವಾಯಿತು. ಆ ಜನರಿಗೆ ‘ಹಾಗಾಗದಿದ್ದರೆ’ ಎಂಬುದು ಕಾದಂಬರಿಯ ವಿಷಯವಲ್ಲ, ದಿನನಿತ್ಯದ ಮಾತು.

ಮತ್ತೂ ಒಂದು ಸಂಗತಿಯನ್ನು ಗಮನಿಸಬೇಕು. ಪರಿಹಾರವೆಂಬುದೇ ಒಂದು ಪರ್ಯಾಯ ಇತಿಹಾಸದ ಲೆಕ್ಕ. ಮುಳುಗಡೆಯಾಗದಿದ್ದರೆ ಈ ಕುಟುಂಬವು ಹೇಗೆ ಬಾಳುತ್ತಿತ್ತು, ಈಗ ಹೇಗೆ ಬಾಳುತ್ತಿದೆ ಎಂಬ ಎರಡರ ಅಂತರವೇ ನ್ಯಾಯವಾದ ಪರಿಹಾರದ ಅಳತೆ. ಕೇವಲ ಜಮೀನಿನ ಬೆಲೆ ಕಟ್ಟಿದವನು ಆ ಇನ್ನೊಂದು ಬಾಳಿನ ಜೇನು, ಗೆಡ್ಡೆ, ಸೊಪ್ಪು, ನೆರೆಹೊರೆ, ದೇವರಗುಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವನ ಕಲ್ಪನೆಯು ಬಡವಾದಷ್ಟೂ ಅವರ ಪರಿಹಾರವೂ ಬಡವಾಗುವುದು. 2006ರ ಅರಣ್ಯಹಕ್ಕು ಕಾಯಿದೆಯು ಅರಣ್ಯವಾಸಿಗಳಿಗೆ ಐತಿಹಾಸಿಕ ಅನ್ಯಾಯವಾಗಿದೆಯೆಂದು ತನ್ನ ಪೀಠಿಕೆಯಲ್ಲಿಯೇ ಒಪ್ಪಿಕೊಂಡಿದೆ. ಇತಿಹಾಸವು ಬೇರೆಯಾಗಿರಬಹುದಾಗಿತ್ತು, ಬೇರೆಯಾಗಿರಬೇಕಾಗಿತ್ತು ಎಂದು ಒಪ್ಪಿಕೊಳ್ಳದೆ ಯಾರೂ ಹಾಗೆ ಬರೆಯಲಾರರು.

ಇಲ್ಲಿಯೂ ನಮ್ಮ ನಿಯಮಗಳನ್ನು ಸಡಿಲಿಸಬಾರದು. ಅಣೆಕಟ್ಟು ಇಲ್ಲದ ಲೋಕದಲ್ಲಿ ಆ ಅಜ್ಜಿಯ ಊರು ಉಳಿದಿರುತ್ತಿತ್ತು, ನಿಜ. ಆದರೆ ಕೆಳಗಿನ ನಾಲೆಗಳ ಗದ್ದೆಗಳಲ್ಲಿ ಇಂದು ಉಣ್ಣುವ ಸಂಸಾರಗಳು ಏನು ಮಾಡುತ್ತಿದ್ದುವು? ಅವರನ್ನೂ ಕಥೆಯಲ್ಲಿ ತರಬೇಕು. ಒಂದೇ ಕಡೆಯ ಲೆಕ್ಕ ಬರೆದವನು ಲಿವಿಯ ಶಿಷ್ಯನಾಗುವನೇ ಹೊರತು ಸತ್ಯಶೋಧಕನಾಗನು. ಈ ಮಾತನ್ನು ಹೇಳಿದಾಗ ಆ ವಿದ್ಯಾರ್ಥಿನಿಯು ತಲೆದೂಗಿ, “ಬರೆಯುವವರು ಎರಡನ್ನೂ ಬರೆಯಲಿ, ಒಂದನ್ನಾದರೂ ಬರೆಯಲಿ” ಎಂದಳು.

ಈ ಮಾತನ್ನು ನಾವು ನಮ್ಮ ತರುಣ ವಾಚಕರ ಮುಂದಿಡುತ್ತೇವೆ. ಬರುವ ರಜೆಯಲ್ಲಿ ನಿಮ್ಮ ಊರಿನ 1924ರ ನೆರೆಯನ್ನೋ, ಕೆರೆಯನ್ನೋ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯನ್ನೋ ಆರಿಸಿಕೊಳ್ಳಿರಿ. ಒಂದೇ ಒಂದು ಸಂಗತಿಯನ್ನು ಬದಲಿಸಿರಿ. ಹಿರಿಯರನ್ನು ಕೇಳಿರಿ, ಗೆಜೆಟಿಯರನ್ನು ತೆಗೆದು ನೋಡಿರಿ, ಹೆಜ್ಜೆಹೆಜ್ಜೆಗೂ ‘ಇದಕ್ಕೆ ಆಧಾರವೇನು?’ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಬರೆಯುತ್ತ ಹೋದಂತೆ, ನಡೆಯದ ಇತಿಹಾಸವನ್ನು ಬರೆಯಲು ನಡೆದ ಇತಿಹಾಸವನ್ನು ಎಷ್ಟು ಚೆನ್ನಾಗಿ ತಿಳಿದಿರಬೇಕೆಂಬುದು ನಿಮಗೆ ಗೊತ್ತಾಗುವುದು. ಅತ್ತೆಗೆ ಮೀಸೆ ಬರಲಾರದು, ನಿಜ. ಆದರೆ ಏಕೆ ಬರಲಾರದೆಂದು ಕೇಳಿದ ದಿನವೇ ವಿಜ್ಞಾನವು ಹುಟ್ಟಿತು.